ಸೆರಗಿನಡಿಯ ಒರೆ

ನಾನು ಒಂದು ಒರೆ. ಕತ್ತಿಯ ಒರೆಯಲ್ಲ, ರಿವಾಲ್ವರಿನ ಒರೆ. ಪೇಟೆಯವರು ಹೋಲ್ಸ್ಟರ್ ಎನ್ನುತ್ತಾರಂತೆ. ನಮ್ಮೂರವರು ಪಿಸ್ತೂಲಿನ ಚೀಲ ಎನ್ನುತ್ತಾರೆ. ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಸಂತೆಯಲ್ಲಿ ಉಳ್ಳಾಗಡ್ಡಿ ತುಂಬುವುದು ಚೀಲ. ಮೊದಲೇ ಹೇಳಿಬಿಡುತ್ತೇನೆ, ನಾನು ಸಿಟ್ಟಿನ ವಸ್ತು, ಮರೆಯುವ ಜಾತಿಯಲ್ಲ. ಹಾವಿನ ದ್ವೇಷ ಹನ್ನೆರಡು ವರುಷ ಎಂದು ಗಾದೆ ಇದೆ. ಎಮ್ಮೆಯ ಚರ್ಮದ ದ್ವೇಷ ಎಷ್ಟು ವರುಷ ಎಂದು ಇನ್ನೂ ಯಾರೂ ಗಾದೆ ಕಟ್ಟಿಲ್ಲ.

ನಾನು ಹುಟ್ಟಿದ್ದು ಅಥಣಿ ಸೀಮೆಯಲ್ಲಿ, ಲಗಮಣ್ಣನ ಮನೆಯ ಮುಂದಿನ ಚಪ್ಪರದಲ್ಲಿ. ಲಗಮಣ್ಣ ಮತ್ತು ಅವನ ಹೆಂಡತಿ ಸತ್ಯವ್ವ ಚಪ್ಪಲಿ ಮಾಡುವವರು. ಜಾಲಿ ತೊಗಟೆಯ ನೀರಿನಲ್ಲಿ ವಾರಗಟ್ಟಲೆ ನೆನೆದು, ಬಿಸಿಲಲ್ಲಿ ಒಣಗಿ, ಮರದ ಕೊಡತಿಯಿಂದ ಪೆಟ್ಟು ತಿಂದು ನಾನು ಹದವಾದೆ. ನನ್ನ ಜೊತೆ ಹದವಾದ ಚರ್ಮವೆಲ್ಲ ಚಪ್ಪಲಿಯಾಗಿ ಊರೂರು ನಡೆಯುತ್ತ ಹೋಯಿತು. ನಾನೂ ಹಾಗೆಯೇ ಹೋಗುತ್ತಿದ್ದೆ. ಆದರೆ ಒಂದು ದಿನ ಬಾಬಾಗೌಡರು ಬಂದರು.

ಬಾಬಾಗೌಡರು ಹೊಳೆದಂಡೆಯ ಊರಿನವರು, ಕಬ್ಬಿನ ಗದ್ದೆಯ ಒಡೆಯರು. ಟವೆಲಿನಲ್ಲಿ ಸುತ್ತಿ ತಂದಿದ್ದ ಲೈಸೆನ್ಸಿನ ರಿವಾಲ್ವರನ್ನು ಕಟ್ಟೆಯ ಮೇಲೆ ಬಿಚ್ಚಿಟ್ಟರು.

"ಲಗಮಣ್ಣಾ, ಇದಕ್ಕೊಂದು ಮನಿ ಕಟ್ಟಿ ಕೊಡು."

"ನಾ ಕಾಲಿಗೆ ಹೊಲಿಯಾಂವ್ರೀ ಗೌಡ್ರ. ಸೊಂಟಕ್ಕ ಹೊಲದು ಗೊತ್ತಿಲ್ಲ."

"ಕಾಲಿಗೆ ಕಚ್ಚಲಾರಧಾಂಗ ಹೊಲಿಯಾಂವಗ ಸೊಂಟ ಯಾವ ಲೆಕ್ಕ?"

ಲಗಮಣ್ಣ ಎರಡು ದಿನ ಆ ಕಬ್ಬಿಣವನ್ನು ಮಗುವಿನ ಹಾಗೆ ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ನನ್ನನ್ನು ಕತ್ತರಿಸಿ, ನೀರಲ್ಲಿ ನೆನೆಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ರಿವಾಲ್ವರಿನ ಮೇಲೆ ಬಿಗಿದು, ಹೆಬ್ಬೆರಳಿನಿಂದ ಒತ್ತುತ್ತ ಹೋದ. ಅದರ ಉರುಟು, ಅದರ ಏಣು, ಬೆರಳಿಂದ ಎಳೆಯುವ ಅದರ ಕುದುರೆ, ಎಲ್ಲವೂ ನನ್ನ ಮೈಯೊಳಗೆ ಅಚ್ಚಾದವು. ಸತ್ಯವ್ವ ಮೇಣ ಹಚ್ಚಿದ ದಾರದಿಂದ ಅಂಚು ಹೊಲಿದಳು. ನೆರಳಿನಲ್ಲಿ ಒಣಗಿದಾಗ ನಾನು ಬೇರೆ ಯಾವುದಕ್ಕೂ ಬಾರದವನಾಗಿದ್ದೆ. ಅದೊಂದೇ ರಿವಾಲ್ವರು ನನ್ನಲ್ಲಿ ಕೂರುತ್ತಿತ್ತು, ಅದೂ ಗಂಡನ ಮನೆಗೆ ಬಂದ ಸೊಸೆಯಂತೆ ಅಳುಕಿ ಅಳುಕಿ, ಬಿಗಿಯಾಗಿ.

ಗೌಡರು ನನ್ನನ್ನು ಅಂಗಿಯ ಮೇಲೆ, ಎಲ್ಲರಿಗೂ ಕಾಣುವಂತೆ ಕಟ್ಟಿಕೊಳ್ಳುತ್ತಿದ್ದರು. ಮುಚ್ಚಿಡುವುದು ಅವರ ಸ್ವಭಾವವಲ್ಲ. "ಕಂಡರ ಸಾಕು, ಹಾರಿಸೂ ಕೆಲಸ ಇಲ್ಲ" ಎನ್ನುತ್ತಿದ್ದರು. ಏಳು ವರುಷದಲ್ಲಿ ಅವರು ಒಮ್ಮೆಯೂ ಹಾರಿಸಲಿಲ್ಲ. ಗೌಡರಿಗೆ ಜಂಬ ಇತ್ತು, ಆದರೆ ಕೆಡುಕು ಇರಲಿಲ್ಲ. ನನಗೆ ಅವರ ಮೇಲೆ ಇದ್ದ ಮುನಿಸು ಒಂದೇ. ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೇ ಪೂಜೆಯ ದಿನ ರಿವಾಲ್ವರಿಗೆ ವಿಭೂತಿ, ಕುಂಕುಮ, ಚೆಂಡು ಹೂವು. ನಾನು ಮಾತ್ರ ಜಗಲಿಯ ಆಚೆ, ಚಪ್ಪಲಿಗಳ ಪಕ್ಕ. ಚರ್ಮ ದೇವರ ಮುಂದೆ ಬರಬಾರದಂತೆ. ವರುಷವೆಲ್ಲ ಅದನ್ನು ಹೊತ್ತವನು ನಾನು, ಹೂವು ಮಾತ್ರ ಅದಕ್ಕೆ.

ಎಂಟನೆಯ ವರುಷ ಚುನಾವಣೆ ಬಂತು. ಚುನಾವಣೆ ಬಂದರೆ ಲೈಸೆನ್ಸಿನ ಆಯುಧಗಳನ್ನೆಲ್ಲ ಠಾಣೆಗೆ ಒಪ್ಪಿಸಿ ರಸೀದಿ ತರಬೇಕು. ಗೌಡರೂ ಒಪ್ಪಿಸಿದರು. ಆದರೆ ನನ್ನನ್ನು ಬಿಡಲಿಲ್ಲ. ಖಾಲಿ ಒರೆಯನ್ನೇ ಕಟ್ಟಿಕೊಂಡು ಓಡಾಡಿದರು. ಅವರ ಹೆಂಡತಿ ಚಂಪಾಬಾಯಿ ನಕ್ಕು, "ಖಾಲಿ ಡಬ್ಬಿ ಹೊತಗೊಂಡು ಎಲ್ಲಿಗ್ರೀ ಸವಾರಿ?" ಎಂದು ಕೇಳಿದಳು. "ಒಳಗ ಏನೈತಿ ಅಂತ ಯಾರು ಬಗ್ಗಿ ನೋಡತಾರ?" ಎಂದು ಗೌಡರೂ ನಕ್ಕರು.

ಒಬ್ಬ ಬಗ್ಗಿ ನೋಡಿದ. ಅವನ ಹೆಸರು ಅಡಿವೆಪ್ಪ. ಅವನ ಗದ್ದೆ ಗೌಡರ ಗದ್ದೆಗೆ ಹತ್ತಿಕೊಂಡೇ ಇತ್ತು. ಕಾಲುವೆಯ ನೀರಿನ ಪಾಳಿಗಾಗಿ ಇಬ್ಬರಿಗೂ ಎರಡು ಬೇಸಿಗೆಯಿಂದ ಜಗಳ. ಅವತ್ತು ಮಟಮಟ ಮಧ್ಯಾಹ್ನ, ಗೌಡರು ಪಂಪಿನ ನೀರಿಗೆ ಮೈಯೊಡ್ಡಿ ನಿಂತಿದ್ದರು. ನಾನು ಪಂಪಿನ ಮನೆಯ ಮೊಳೆಗೆ ತೂಗುತ್ತಿದ್ದೆ. ಅಡಿವೆಪ್ಪ ಕಬ್ಬು ಕಡಿಯುವ ಕೊಯ್ತಾ ಹಿಡಿದು ಹಿಂದಿನಿಂದ ಬಂದ. ಮೊದಲು ನನ್ನ ಹತ್ತಿರ ಬಂದು, ನನ್ನ ಬಾಯೊಳಗೆ ಎರಡು ಬೆರಳು ತೂರಿಸಿದ. "ಖಾಲಿ ಐತಿ" ಎಂದು ತನಗೆ ತಾನೇ ಹೇಳಿಕೊಂಡು ನಕ್ಕ. ಆಮೇಲೆ ನೀರಿನ ಕಡೆಗೆ ಹೋದ.

ಮುಂದಿನದನ್ನು ನಾನು ಹೇಳುವುದಿಲ್ಲ. ನೀರು ಬೀಳುತ್ತಲೇ ಇತ್ತು, ಕಾಲುವೆ ಕೆಂಪಾಗಿ ಹರಿಯಿತು, ಅಷ್ಟು ಸಾಕು. ಆ ಎರಡು ಬೆರಳುಗಳ ಬೆವರು ನನ್ನ ಬಾಯಲ್ಲಿ ಉಳಿಯಿತು. ಪೊಲೀಸರು ಬಂದರು, ಅಳತೆ ತೆಗೆದರು, ಫೋಟೊ ಹೊಡೆದರು. ಮೊಳೆಗೆ ತೂಗುತ್ತಿದ್ದ ನನ್ನತ್ತ ಒಬ್ಬನೂ ತಿರುಗಲಿಲ್ಲ. ನೋಡಿದ ಸಾಕ್ಷಿ ನಾನೊಬ್ಬನೇ, ಬಾಯಿ ಇದ್ದೂ ಮಾತಿಲ್ಲದವನು. ಅವತ್ತೇ ನಾನು ಅಂದುಕೊಂಡೆ: ಇವನ ಹೆಣ ಬೀಳುವ ತನಕ ನಾನು ಹರಿಯುವುದಿಲ್ಲ, ಕೊಳೆಯುವುದಿಲ್ಲ, ಇಲಿಗೂ ಸಿಗುವುದಿಲ್ಲ.

ನೀರಿನ ಜಗಳ ಊರಿಗೆಲ್ಲ ಗೊತ್ತಿದ್ದರಿಂದ ಅಡಿವೆಪ್ಪನ ಮೇಲೆ ಕೇಸಾಯಿತು. ಆದರೆ ಅವನ ತಾಯಿ ಕಲ್ಲವ್ವ, "ನನ್ನ ಮಗ ಅವತ್ತ ಜ್ವರ ಬಂದು ಮನ್ಯಾಗ ಮಲಗಿದ್ದ, ನಾನ ಹಣಿಗೆ ತಣ್ಣೀರ ಅರಬಿ ಹಾಕೇನಿ" ಎಂದಳು. ಹೆತ್ತವರಿಗೆ ಹೆಗ್ಗಣ ಮುದ್ದು. ಎರಡು ಎಮ್ಮೆ ಕಟ್ಟಿಕೊಂಡು ಊರಿಗೆ ಹಾಲು ಹಾಕುವ ಮುದುಕಿ, ಸುಳ್ಳು ಹೇಳುವ ಹೆಂಗಸು ಎಂದು ಯಾರಿಗೂ ಅನಿಸಿರಲಿಲ್ಲ. ಊರು ನಂಬಿತು. ಮಗನಿಗೆ ಜಾಮೀನೂ ಸಿಕ್ಕಿತು. ಬಸ್‌ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಅವನು ಕಾಲ ಮೇಲೆ ಕಾಲು ಹಾಕಿ ಕೂರತೊಡಗಿದ.

ಚಂಪಾಬಾಯಿ ಹದಿಮೂರು ದಿನ ಅತ್ತಳು. ಹದಿನಾಲ್ಕನೆಯ ದಿನ ನನ್ನನ್ನು ಮೊಳೆಯಿಂದ ಇಳಿಸಿದಳು. ಗಂಡನ ಲೈಸೆನ್ಸನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಕಚೇರಿಯ ಮೆಟ್ಟಿಲು ಹತ್ತಿದಳು. ವರುಷದ ಮೇಲೆ ನಾಲ್ಕು ತಿಂಗಳು ಓಡಾಟ. ಸಾಹೇಬರು ಯಾಕೆ ಬೇಕು ಎಂದು ಕೇಳಿದರೆ, "ಹೊಲಕ್ಕ ಒಬ್ಬಾಕಿನ ಹೋಗತೀನ್ರೀ" ಎಂದು ತಲೆ ತಗ್ಗಿಸಿ ಹೇಳುತ್ತಿದ್ದಳು. ಕೊನೆಗೆ ಕಾಗದ ಬಂತು, ರಿವಾಲ್ವರೂ ಬಂತು. ಅದು ಮತ್ತೆ ನನ್ನೊಳಗೆ ಇಳಿದ ದಿನ ನನಗೆ ಹೋದ ಜೀವ ಬಂದಂತಾಯಿತು.

ಆದರೆ ಗಂಡನ ಹಾಗೆ ತೋರಿಸಿಕೊಂಡು ತಿರುಗುವುದು ಅವಳಿಗೆ ಬೇಕಿರಲಿಲ್ಲ. ಯಾರಿಗೂ ಕಾಣಬಾರದು, ಆದರೆ ಕೈ ಇಟ್ಟ ಕೂಡಲೇ ಸಿಗಬೇಕು. ಆಗ ಶುರುವಾಯಿತು ನಮ್ಮ ಪಾಠ. ಮೊದಲು ಕೈಚೀಲದಲ್ಲಿ ಇಟ್ಟು ನೋಡಿದಳು. ಯಾರ ಮನೆಗೆ ಹೋದರೂ, "ಚೀಲ ಇಲ್ಲಿ ಕೊಡ್ರಿ, ಕುಂಡ್ರರಿ" ಎಂದು ಕಸಿದುಕೊಂಡು ಗೂಟಕ್ಕೆ ತೂಗಹಾಕುತ್ತಾರೆ. ಹೆಣ್ಣಿನ ಚೀಲ ಅವಳ ಕೈಯಲ್ಲಿ ಉಳಿಯುವುದು ದಾರಿಯಲ್ಲಿ ಮಾತ್ರ. ಆಮೇಲೆ ಕಾಲಿಗೆ ಕಟ್ಟಿದಳು. ಗುಡಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತರೆ ಸೀರೆಯ ಅಂಚು ಮೇಲೇರಿ ನನ್ನ ಮೂತಿ ಹೊರಗೆ. ಬೆನ್ನಿಗೆ ಕಟ್ಟಿದರೆ ಗೋಡೆಗೆ ಒರಗಿದಾಗ ಠಣ್ ಎನ್ನುತ್ತಿತ್ತು. ಲಂಗದ ಲಾಡಿಗೆ ಸಿಕ್ಕಿಸಿದರೆ ಆ ಭಾರಕ್ಕೆ ಲಂಗವೇ ಜಾರುತ್ತಿತ್ತು, ಅವಳು ಒಂದು ಕೈಯಲ್ಲಿ ಸೊಂಟ ಹಿಡಿದು ನಡೆಯಬೇಕಾಯಿತು. ಮೇಲೆ ಬೆಳ್ಳಿಯ ಡಾಬು ಕಟ್ಟಿದ್ದರೆ ಉಬ್ಬು ಮುಚ್ಚುತ್ತಿತ್ತು. ಗಂಡ ಸತ್ತವಳಿಗೆ ಡಾಬು ಎಲ್ಲಿಂದ ಬರಬೇಕು? ಅದನ್ನು ಅವಳು ತನ್ನ ಕೈಯಾರೆ ಬಿಚ್ಚಿ ಪೆಟ್ಟಿಗೆಗೆ ಹಾಕಿದ್ದಳು.

ಕೊನೆಗೆ ನನ್ನನ್ನು ಲಗಮಣ್ಣನ ಚಪ್ಪರಕ್ಕೇ ಕೊಂಡೊಯ್ದಳು. ಲಗಮಣ್ಣ ಅವಳ ಮುಖ ನೋಡಿದ, ನನ್ನ ಮುಖ ನೋಡಿದ, ಉಳಿ ಹರಿತ ಮಾಡತೊಡಗಿದ. ಹೆಣ್ಣಿನ ಸೊಂಟದ ಅಳತೆ ಅವನು ತೆಗೆಯುವ ಹಾಗಿಲ್ಲ. ಸತ್ಯವ್ವ ಒಂದು ನೂಲು ತಂದು, ಒಂದು ತುದಿಯನ್ನು ಗೌಡಶ್ಯಾನಿ ಚಂಪಾಬಾಯಿಯ ಕೈಗೇ ಕೊಟ್ಟು, "ನೀವ ಸುತ್ತಿಕೊಳ್ರಿ, ನಾ ಗಂಟ ಹಾಕತೀನಿ" ಎಂದಳು. ಮೈ ಮುಟ್ಟಲಿಲ್ಲ.

ನನಗೆ ಎರಡನೆಯ ಜನ್ಮವಾಯಿತು. ಹಳೆಯ ಬೆಲ್ಟಿನ ಪಟ್ಟಿ ಕಿತ್ತು, ಲಂಗದ ಕೆಳಗೆ ಮೈಗೆ ಹತ್ತಿಕೊಳ್ಳುವ ನಾಲ್ಕು ಬೆರಳಗಲದ ಮೆತ್ತನೆಯ ಪಟ್ಟಿ ಹೊಲಿದರು. ನನ್ನ ಗುಂಡಿ ಟಕ್ ಎಂದು ಸಪ್ಪಳ ಮಾಡುತ್ತಿತ್ತು, ಅದನ್ನು ತೆಗೆದು ಹೆಬ್ಬೆರಳಿಗೆ ಸದ್ದಿಲ್ಲದೆ ಬಿಡುವ ಚರ್ಮದ ನಾಲಗೆ ಇಟ್ಟರು. ಜಾಗ ಬಲ ಸೊಂಟದ ಮುಂದೆ, ಮೈತುಂಬ ಹೊದ್ದ ಸೆರಗಿನ ಅಡಿ. ಸೀರೆ ತೆಳ್ಳಗಿದ್ದರೆ ಆಕಾರ ಕಾಣುತ್ತದೆಂದು ದಪ್ಪ ನೂಲಿನ ಇಳಕಲ್ ಸೀರೆ. ಸತ್ಯವ್ವ ಮಗಳಿಗೆ ನಡೆ ಕಲಿಸುವವಳ ಹಾಗೆ ಅವಳನ್ನು ಆಡಿಸಿದಳು.

"ಕುಂತ ನೋಡ್ರಿ. ನಿಂತ ನೋಡ್ರಿ. ಬಗ್ಗಿ ರಂಗೋಲಿ ಹಾಕಿಧಾಂಗ ಮಾಡ್ರಿ. ನಮಸ್ಕಾರ ಮಾಡ್ರಿ. ಈಗ ಕೊಡ ಹೊತ್ತಿರಿ ಅಂತ ತಿಳಕೊಂಡು ನಡೀರಿ."

ಚಂಪಾಬಾಯಿ ಎಲ್ಲ ಮಾಡಿದಳು. ನಾನು ಎಲ್ಲಿಯೂ ಕಾಣಲಿಲ್ಲ, ಎಲ್ಲಿಯೂ ಸಪ್ಪಳ ಮಾಡಲಿಲ್ಲ. ಹೊರಡುವಾಗ ಸತ್ಯವ್ವ ಮೆಲ್ಲಗೆ, "ಗೌಡಶ್ಯಾನ್ಯಾರ, ಇದು ಹೊಲಕ್ಕ ಹೋಗಾಕ ಅಲ್ಲಲ್ರೀ?" ಎಂದಳು. ಚಂಪಾಬಾಯಿ ಸೆರಗು ಎಳೆದುಕೊಂಡು ದಾರಿ ಹಿಡಿದಳು. ನಾನು ಅವಳ ಹೊಟ್ಟೆಯ ಬಿಸಿಗೆ ಅಂಟಿಕೊಂಡು ಕೂತಿದ್ದೆ. ಇಬ್ಬರ ಉರಿಯೂ ಒಂದೇ ಆಗಿತ್ತು.

ಅಡಿವೆಪ್ಪನ ಹತ್ತಿರ ಹೋಗುವುದು ಮಾತ್ರ ಸುಲಭವಿರಲಿಲ್ಲ. ಅವನು ಸದಾ ನಾಲ್ಕು ಜನರ ನಡುವೆ, ಇಲ್ಲವೇ ಮೋಟಾರ್ ಸೈಕಲ್ಲಿನ ಮೇಲೆ. ಚಂಪಾಬಾಯಿ ಗುರಿಯಿಟ್ಟು ಹೊಡೆಯುವವಳಲ್ಲ, ಕೈಯಳತೆಯಲ್ಲಿ ಸಿಕ್ಕರೆ ಮಾತ್ರ ಅವಳಿಂದ ಆಗುವ ಕೆಲಸ. ದಸರೆ ಕಳೆದರೆ ಕಲ್ಲವ್ವನ ಸಾಕ್ಷಿ, ಆಮೇಲೆ ಅವನು ಬಿಡುಗಡೆ ಎಂದು ಸರ್ಕಾರಿ ವಕೀಲರೇ ಹೇಳಿಬಿಟ್ಟಿದ್ದರು. ಉಳಿದದ್ದು ಒಂದೇ ದಿನ, ಬನ್ನಿಯ ದಿನ.

ನಮ್ಮ ಸೀಮೆಯಲ್ಲಿ ವಿಜಯದಶಮಿಯ ಸಂಜೆ ಬನ್ನಿ ಎಲೆ ಹಿಡಿದು ಮನೆ ಮನೆಗೆ ಹೋಗುತ್ತಾರೆ. ಬನ್ನಿ ತಂದವರನ್ನು ಯಾರೂ ಬಾಗಿಲಿಂದ ಕಳಿಸುವಂತಿಲ್ಲ, ಹಗೆಯಾದರೂ ಸರಿ. ಸಣ್ಣವರು ಹಿರಿಯರ ಕೈಗೆ ಬನ್ನಿ ಕೊಟ್ಟು ಕಾಲಿಗೆ ಬೀಳುತ್ತಾರೆ. ಅಡಿವೆಪ್ಪ ಚಂಪಾಬಾಯಿಗಿಂತ ಹತ್ತು ವರುಷ ಸಣ್ಣವನು. ಊರ ಮುಂದೆ ಅವನು ಬಗ್ಗಲೇಬೇಕು. ಬಗ್ಗಿದಾಗ ಅವನ ಕುತ್ತಿಗೆ ಅವಳ ಮೊಣಕಾಲಿನ ಹತ್ತಿರ ಬರುತ್ತದೆ. ಇಷ್ಟನ್ನು ಅವಳು ಕನ್ನಡಿಯ ಮುಂದೆ ನಿಂತು ನೂರು ಸಲ ಯೋಚಿಸಿದ್ದಳು. ನಾನೂ ನೂರು ಸಲ ನಾಲಗೆ ಬಿಚ್ಚಿದ್ದೆ.

ಆ ಸಂಜೆ ಕಲ್ಲವ್ವನ ಅಂಗಳದಲ್ಲಿ ಹತ್ತು ಹದಿನೈದು ಜನರಿದ್ದರು. ಚಂಪಾಬಾಯಿ ಬನ್ನಿ ಹಿಡಿದು ಒಳಗೆ ಕಾಲಿಟ್ಟಾಗ ಎಲ್ಲರೂ ಸರಿದು ದಾರಿ ಬಿಟ್ಟರು. ಕಲ್ಲವ್ವ ಪಡಸಾಲೆಯಿಂದ ಎದ್ದು ಬಂದಳು. ಅವಳ ಕಣ್ಣು ಆಗಲೇ ತುಂಬಿತ್ತು.

"ಬನ್ನಿ ತಗೊಂಡು ಬಂಗಾರಧಾಂಗ ಇರೂಣು ಕಲ್ಲವ್ವ" ಎಂದಳು ಚಂಪಾಬಾಯಿ.

"ಯವ್ವಾ, ನೀವ ನಮ್ಮ ಮನಿಗೆ ಬಂದ್ರ್ಯಾ?" ಎಂದು ಕಲ್ಲವ್ವ ಎರಡೂ ತೋಳು ಚಾಚಿ, ನಮ್ಮೊಡತಿಯನ್ನು ಗಟ್ಟಿಯಾಗಿ ಅಪ್ಪಿಕೊಂಡುಬಿಟ್ಟಳು.

ಕೂತು ನೋಡಿದ್ದೆವು, ನಿಂತು ನೋಡಿದ್ದೆವು, ಬಗ್ಗಿ ನೋಡಿದ್ದೆವು. ಅಪ್ಪಿ ನೋಡಿರಲಿಲ್ಲ. ಸತ್ಯವ್ವನಿಗೆ ಅದು ಹೊಳೆದಿದ್ದರೂ ಅವಳು ಗೌಡಶ್ಯಾನಿಯನ್ನು ಅಪ್ಪುವವಳಲ್ಲ, ನಮ್ಮ ಊರುಗಳಲ್ಲಿ ಅದು ನಡೆಯುವುದಿಲ್ಲ. ಗಂಡ ಸತ್ತ ಮೇಲೆ ಬೇರೆ ಯಾರೂ ಚಂಪಾಬಾಯಿಯನ್ನು ಅಪ್ಪಿರಲಿಲ್ಲ. ಅಪ್ಪುಗೆ ಎನ್ನುವುದೊಂದಿದೆ ಎಂಬುದೇ ಅವಳಿಗೆ ಮರೆತುಹೋಗಿತ್ತು.

ನಾನು ಆ ಮುದುಕಿಯ ಹೊಟ್ಟೆಗೆ ಒತ್ತಿದೆ. ಅವಳ ಅಳು ತಟ್ಟನೆ ನಿಂತಿತು. ಅಪ್ಪುಗೆ ಮಾತ್ರ ಸಡಿಲವಾಗಲಿಲ್ಲ. ಅವಳ ಒಂದು ಕೈ ಮೆಲ್ಲಗೆ ಇಳಿದು ಸೆರಗಿನ ಮೇಲಿಂದ ನನ್ನನ್ನು ತಡವಿತು.

"ಇದೇನ್ರೀ ಗೌಡಶ್ಯಾನ್ಯಾರ?" ಎಂದು ಕಿವಿಯಲ್ಲಿ ಕೇಳಿದಳು.

"ನಿನ್ನ ಮಗಗ ತಂದ ಬನ್ನಿ" ಎಂದಳು ಚಂಪಾಬಾಯಿ, ಅಷ್ಟೇ ಮೆಲ್ಲಗೆ.

ಅಷ್ಟರಲ್ಲಿ ಒಳಗಿನಿಂದ ಅಡಿವೆಪ್ಪ ಬಂದ. ಜನ ನೋಡುತ್ತಿದ್ದಾರೆಂದು ಮುಖಕ್ಕೆ ನಗೆ ಹಚ್ಚಿಕೊಂಡು, ಕೈಯಲ್ಲಿ ಬನ್ನಿ ಹಿಡಿದು ಬಗ್ಗಿದ. ಅವನ ಕುತ್ತಿಗೆ ಕಂಡಿತು. ನನ್ನೊಡತಿಯ ಹೆಬ್ಬೆರಳು ಸೆರಗಿನೊಳಗೆ ಬಂತು, ನನ್ನ ನಾಲಗೆ ಬಿಚ್ಚಿತು. ಎರಡು ವರುಷ ಕಾದ ಗಳಿಗೆ. ನಾನು ಬಾಯಿ ತೆರೆದು, ತಗೋ, ತಗೋ ಎಂದೆ.

ರಿವಾಲ್ವರು ಬರಲಿಲ್ಲ. ಕಲ್ಲವ್ವ ನನ್ನ ಬಾಯಿಯ ಮೇಲೆ ಅಂಗೈ ಒತ್ತಿ ಹಿಡಿದಿದ್ದಳು. ಹಾಲು ಹಿಂಡಿ ಗಟ್ಟಿಯಾದ ಕೈ ಅದು, ಕಬ್ಬಿಣ ಒಂದು ಅಂಗುಲವೂ ಅಲುಗಲಿಲ್ಲ. ಹಾಗೆ ಹಿಡಿದುಕೊಂಡೇ ಅವಳು ಅಂಗಳಕ್ಕೆಲ್ಲ ಕೇಳುವ ಹಾಗೆ ಕೂಗಿದಳು.

"ಅವತ್ತ ಇಂವ ಮನ್ಯಾಗ ಇರಲಿಲ್ಲ! ಕೇಳ್ರಿ ಎಲ್ಲಾರೂ. ಗೌಡ್ರು ಸತ್ತ ದಿನ ಇಂವ ಮನ್ಯಾಗ ಇರಲಿಲ್ಲ. ನಾ ಸುಳ್ಳ ಹೇಳೀನಿ. ಕೊಯ್ತಾ ತಿಪ್ಪ್ಯಾಗ ಹುಗದಾಕಿ ನಾನ."

"ಯವ್ವಾ!" ಎಂದು ಅಡಿವೆಪ್ಪ ಬಗ್ಗಿದಲ್ಲಿಂದಲೇ ಮುಖ ಎತ್ತಿದ. ಅವನ ಆ ಮುಖವನ್ನು ಸೆರಗಿನ ಸಂದಿನಿಂದ ನಾನು ನೋಡಿದೆ. ಪಂಪಿನ ನೀರಿನಲ್ಲಿ ನಿಂತ ನಮ್ಮ ಗೌಡರು ಹಿಂತಿರುಗಿ ನೋಡಿದಾಗ ಅವರ ಮುಖವೂ ಹೀಗೆಯೇ ಇತ್ತು.

"ಕೋರ್ಟಿನ್ಯಾಗ ಹೇಳಲಿಲ್ಲಂದ್ರ?" ಎಂದಳು ಚಂಪಾಬಾಯಿ. ಹಲ್ಲು ಕಚ್ಚಿಕೊಂಡಿದ್ದಳು.

"ಹೇಳಲಿಲ್ಲಂದ್ರ ಇದನ್ನ ತಗೊಂಡು ಮತ್ತ ಬರ್ರಿ. ನಾನ ಅವನ ಕೈ ಹಿಡದ ನಿಲ್ಲಸತೀನಿ. ಇವತ್ತ ನನ್ನ ಕಣ್ಣ ಮುಂದ ಬ್ಯಾಡ್ರಿ, ನಿಮ್ಮ ಕಾಲ ಮುಗೀತೀನಿ."

ಚಂಪಾಬಾಯಿಯ ಹೆಬ್ಬೆರಳು ನನ್ನ ನಾಲಗೆಯನ್ನು ಮುಚ್ಚಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮನೆಗೆ ನಡೆಯುವಾಗ ದಾರಿಯುದ್ದಕ್ಕೂ ನಾನು ಅವಳನ್ನು ಬೈದೆ. ಹೇಡಿ ಎಂದೆ. ಅವಳ ಸೊಂಟದ ಚರ್ಮ ತರಚುವ ಹಾಗೆ ಉಜ್ಜಿದೆ. ಅವಳು ಬಿಕ್ಕುತ್ತಿದ್ದಳು, ನನಗೆ ಕನಿಕರ ಬರಲಿಲ್ಲ.

ಕಲ್ಲವ್ವ ಮಾತಿಗೆ ತಪ್ಪಲಿಲ್ಲ. ಪೊಲೀಸರು ತಿಪ್ಪೆಯಿಂದ ಕೊಯ್ತಾ ತೆಗೆದರು. ಕಟಕಟೆಯಲ್ಲಿ ಮಗನ ವಕೀಲರು ತಲೆಕೆಟ್ಟ ಮುದುಕಿ ಎಂದರೂ ಅವಳು ಒಂದಕ್ಷರ ಹಿಂದೆ ತೆಗೆದುಕೊಳ್ಳಲಿಲ್ಲವಂತೆ. ಅಡಿವೆಪ್ಪನಿಗೆ ಜೀವಾವಧಿ ಆಯಿತು. ತೀರ್ಪು ಬಂದ ವಾರ ಚಂಪಾಬಾಯಿ ರಿವಾಲ್ವರು, ಲೈಸೆನ್ಸು ಎರಡನ್ನೂ ಒಪ್ಪಿಸಿ ಬಂದಳು. ನನ್ನನ್ನು ಯಾರೂ ಕೇಳಲಿಲ್ಲ. ರಿವಾಲ್ವರು ಹೋಗುವಾಗ ನನ್ನತ್ತ ತಿರುಗಿಯೂ ನೋಡಲಿಲ್ಲ. ಹೂವು ಮುಡಿದು ರೂಢಿಯಾದವರಿಗೆ ಹೊತ್ತವರ ನೆನಪು ಎಲ್ಲಿ ಇರುತ್ತದೆ?

ಈಗ ನನಗೆ ವಯಸ್ಸಾಗಿದೆ. ಪಡಸಾಲೆಯ ಗೋಡೆಗೆ, ಕರೆಂಟಿನ ಮೀಟರಿನ ಪಕ್ಕ ತೂಗುತ್ತೇನೆ. ಫ್ಯೂಜು ಹೋದಾಗ ಬೇಕಾಗುವ ಇಕ್ಕಳ ನನ್ನೊಳಗೆ ಇರುತ್ತದೆ. ಅದರ ಆಕಾರಕ್ಕೂ ನನ್ನ ಆಕಾರಕ್ಕೂ ಹೊಂದುವುದಿಲ್ಲ, ದಿನವೂ ಒಳಗೆ ಲೊಡಲೊಡ ಎನ್ನುತ್ತದೆ. ಅಂಚಿನ ದಾರ ಬಿಚ್ಚುತ್ತಿದೆ. ಹೆಣ ಬೀಳುವ ತನಕ ಹರಿಯುವುದಿಲ್ಲ ಎಂದವನು ನಾನು. ಹೆಣ ಬೀಳಲೇ ಇಲ್ಲ, ನಾನು ಹರಿಯುತ್ತಿದ್ದೇನೆ.

ಹೋದ ತಿಂಗಳು ಒಂದು ಮಧ್ಯಾಹ್ನ ಕಲ್ಲವ್ವ ಬಂದಳು. ಅಂಗಳದಲ್ಲಿ ನಡೆದ ಆ ಸಂಜೆಯ ಬಳಿಕ ಅವಳು ಈ ಮನೆಗೆ ಬಂದದ್ದು ಅದೇ ಮೊದಲು. ಬೆಳಗಾವಿಯ ಜೈಲಿನಿಂದ ನೇರವಾಗಿ ಬಂದಿದ್ದಳು. ಕೈಯಲ್ಲಿ ಮಗನಿಗೆಂದು ಒಯ್ದ ಸೇಂಗಾ ಹೋಳಿಗೆಯ ಗಂಟು ಹಾಗೆಯೇ ಇತ್ತು.

"ಈ ಸಲಾನೂ ಹೊರಗ ಬರಲಿಲ್ರೀ" ಎಂದಳು. "ಆಕಿ ನಮ್ಮವ್ವ ಅಲ್ಲ ಅಂತ ಹೇಳಿ ಕಳಿಸ್ಯಾನ. ಇಪ್ಪತ್ತೆರಡ ಸಲ ಆತು. ಊರಾಗ ಹಾಲ ತಗೊಳ್ಳಾಕೂ ಯಾರೂ ಬರವಲ್ರು. ಮಗನ್ನ ಮಾರಿದಾಕಿ ಅಂತಾರ. ಯಾರ ಮುಂದ ಹೇಳಲಿ ಅಂತ ನಿಮ್ಮಲ್ಲಿಗೆ ಬಂದೆ."

ಚಂಪಾಬಾಯಿ ಅವಳಿಗೆ ನೀರು ಕೊಟ್ಟಳು. ಮುದುಕಿ ಕುಡಿದು ತಲೆ ಎತ್ತಿದಾಗ ನಾನು ಕಣ್ಣಿಗೆ ಬಿದ್ದೆ. ಆ ಸಂಜೆ ಸೆರಗಿನಡಿ ಇದ್ದ ನನ್ನನ್ನು ಅವಳು ಕಣ್ಣಾರೆ ಕಂಡಿರಲಿಲ್ಲ, ಆದರೆ ಕೈಗೆ ಗುರುತು ಇತ್ತು. ಎದ್ದು ಬಂದು ನನ್ನ ಬಾಯಿಯ ಮೇಲೆ ಅಂಗೈ ಇಟ್ಟಳು, ಅವತ್ತು ಇಟ್ಟ ಹಾಗೆಯೇ. ಈಗ ಆ ಕೈಯಲ್ಲಿ ಬಲವಿರಲಿಲ್ಲ.

ನಾನು ಸಂತೋಷಪಟ್ಟೆ. ಬೈದರೆ ಬೈಯಿರಿ, ನಾನು ಸುಳ್ಳು ಹೇಳುವುದಿಲ್ಲ. ಗುಂಡು ತಾಗಿದ್ದರೆ ಒಬ್ಬನಿಗೆ ತಾಗುತ್ತಿತ್ತು, ಒಂದೇ ಸಲ. ಇದು ತಾಯಿ ಮಗ ಇಬ್ಬರಿಗೂ ತಾಗಿತ್ತು, ತಿಂಗಳಿಗೊಮ್ಮೆ ಹೊಸದಾಗಿ ತಾಗುತ್ತಿತ್ತು. ನಮ್ಮ ಗೌಡರ ಸೇಡು ನಾನಂದುಕೊಂಡದ್ದಕ್ಕಿಂತ ದೊಡ್ಡದಾಗಿ ತೀರಿತ್ತು. ಇದನ್ನು ಕೇಳಿ ನನ್ನೊಡತಿಯೂ ಹಿಗ್ಗುತ್ತಾಳೆಂದು ಅವಳ ಮುಖ ನೋಡಿದೆ. ಅಲ್ಲಿ ಹಿಗ್ಗು ಇರಲಿಲ್ಲ.

"ಅವತ್ತ ನಾ ಕೈ ಬಿಡಬೇಕಾಗಿತ್ರೀ ಗೌಡಶ್ಯಾನ್ಯಾರ" ಎಂದಳು ಕಲ್ಲವ್ವ. "ನೀವು ತೆಗದ ಬಿಡತಿದ್ರಿ. ನನ್ನ ಮಗ ನನ್ನ ಮಗ ಆಗೇ ಸಾಯತಿದ್ದ."

ಚಂಪಾಬಾಯಿ ನೀರಿನ ಖಾಲಿ ಲೋಟವನ್ನು ಎತ್ತಿಟ್ಟಳು. ಆಮೇಲೆ ಹೇಳಿದಳು.

"ನನಗೂ ದಿನಾ ಹಂಗ ಅನಿಸತೈತಿ ಕಲ್ಲವ್ವ."

ಎಷ್ಟೇ ಹಿಗ್ಗಿದರೂ, ಆ ಬನ್ನಿಯ ಸಂಜೆಯಿಂದ ನನ್ನದೂ ಅದೇ ಮಾತಾಗಿತ್ತು. ನಾವು ಮೂವರೂ ಒಪ್ಪಿದ್ದು ಅದೊಂದನ್ನೇ.